ಸಕ್ಕರೆ ಬೀಟಿಗೆ ಕಡಲ ತಡಿಯ ಕಾವಲು

ಸಕ್ಕರೆ ಎಂದೊಡನೆ ಕನ್ನಡಿಗರ ಕಣ್ಣಮುಂದೆ ಬರುವುದು ಮಂಡ್ಯದ ಕಬ್ಬಿನ ಗದ್ದೆ, ಇಲ್ಲವೇ ಬೆಳಗಾವಿ ಜಿಲ್ಲೆಯ ರಸ್ತೆಗಳಲ್ಲಿ ಕಾರ್ಖಾನೆಯತ್ತ ಸಾಲುಗಟ್ಟಿ ಸಾಗುವ ಕಬ್ಬಿನ ಗಾಡಿಗಳು. ಆದರೆ ಜಗತ್ತಿನಲ್ಲಿ ತಯಾರಾಗುವ ಸಕ್ಕರೆಯ ಸುಮಾರು ಐದನೇ ಒಂದು ಪಾಲಿಗೂ ಕಬ್ಬಿಗೂ ಸಂಬಂಧವೇ ಇಲ್ಲ. ಅದು ಬರುವುದು ಸಕ್ಕರೆ ಬೀಟ್ ಎಂಬ ಬಿಳಿ ಗಡ್ಡೆಯಿಂದ. ಫ್ರಾನ್ಸ್, ಜರ್ಮನಿ, ರಷ್ಯಾ, ಅಮೆರಿಕದ ಉತ್ತರದ ರಾಜ್ಯಗಳು ಹೀಗೆ ಕಬ್ಬು ಬೆಳೆಯಲಾಗದ ಚಳಿಯ ನಾಡುಗಳಲ್ಲೆಲ್ಲ ಸಕ್ಕರೆ ಕಾರ್ಖಾನೆಗಳಿಗೆ ಈ ಗಡ್ಡೆಯೇ ಆಧಾರ.

ಈ ಬೆಳೆಯನ್ನು ಒಂದಲ್ಲ, ಹಲವು ಬಾರಿ ಕಷ್ಟದಿಂದ ಪಾರು ಮಾಡಿದ ಸಸ್ಯವೊಂದು ಯೂರೋಪಿನ ಕಡಲ ತಡಿಯಲ್ಲಿದೆ. ಅದನ್ನು ಯಾರೂ ನೆಟ್ಟಿಲ್ಲ, ಯಾರೂ ನೀರೆರೆಯುವುದಿಲ್ಲ. ಮೆಡಿಟರೇನಿಯನ್ ತೀರದಿಂದ ಹಿಡಿದು ಪೋರ್ಚುಗಲ್, ಫ್ರಾನ್ಸ್, ಐರ್ಲೆಂಡ್, ಇಂಗ್ಲೆಂಡಿನ ಕರಾವಳಿಗಳನ್ನು ಹಾದು ಡೆನ್ಮಾರ್ಕಿನವರೆಗೆ ಅದು ಹಬ್ಬಿಕೊಂಡಿದೆ. ಬೆಣಚುಕಲ್ಲಿನ ದಂಡೆ, ಬಂಡೆಯ ಸಂದು, ಅಳಿವೆಯ ಏರಿ, ಉಪ್ಪು ಜೌಗಿನ ಅಂಚು ಇವೇ ಅದರ ಮನೆ. ದಪ್ಪನೆಯ ಎಲೆಗೆ ಎಣ್ಣೆ ಸವರಿದಂಥ ಹೊಳಪು. ಬೇರು ಮಾತ್ರ ಸಣಕಲು, ಕವಲೊಡೆದದ್ದು, ನಾರುನಾರು. ವಾಯುವಿಹಾರಕ್ಕೆ ಬಂದವರು ಕಳೆಯೆಂದು ತುಳಿದುಕೊಂಡು ಹೋಗುವ ಈ ಗಿಡಕ್ಕೆ 'ಕಡಲ ಬೀಟ್' ಎಂದು ಹೆಸರು. ಸಸ್ಯಶಾಸ್ತ್ರಜ್ಞರ ಬಾಯಲ್ಲಿ ಇದು ಬೀಟಾ ವಲ್ಗಾರಿಸ್ ಪ್ರಭೇದದ ಮ್ಯಾರಿಟೈಮಾ ಉಪಪ್ರಭೇದ.

ಬೆಳೆಗಳ ಕಾಡು ಬಂಧುಗಳನ್ನು ಏಕೆ ಉಳಿಸಿಕೊಳ್ಳಬೇಕು ಎಂಬ ಪ್ರಶ್ನೆಗೆ ಈ ಗಿಡದ ಚರಿತ್ರೆಯೇ ಒಂದು ಉತ್ತರ. ಅದರ ಬೆಲೆ ಇರುವುದು ಅದರ ಬೇರಿನಲ್ಲೂ ಅಲ್ಲ, ಸೊಪ್ಪಿನಲ್ಲೂ ಅಲ್ಲ. ಒಂದು ತೀರದ ಗಿಡದಂತೆ ಇನ್ನೊಂದು ತೀರದ ಗಿಡ ಇಲ್ಲ ಎಂಬುದರಲ್ಲಿ.

ಸೊಪ್ಪಿನಿಂದ ಗಡ್ಡೆಗೆ

ನಮ್ಮ ಅಡುಗೆಮನೆಯಲ್ಲಿ ಪಲ್ಯವಾಗುವ ಕೆಂಪು ಬೀಟ್‌ರೂಟ್, ಯೂರೋಪಿನವರು ಸೊಪ್ಪಾಗಿ ಬೇಯಿಸುವ ಚಾರ್ಡ್, ದನಗಳಿಗೆ ಹಾಕುವ ಮೇವಿನ ಬೀಟ್ ಮತ್ತು ಸಕ್ಕರೆ ಬೀಟ್ ಈ ನಾಲ್ಕೂ ಒಂದೇ ಪ್ರಭೇದ. ನಾಲ್ಕಕ್ಕೂ ಮೂಲ ಕಡಲ ಬೀಟ್. ಹರಿವೆ, ದಂಟು, ಪಾಲಕ್ ಸೊಪ್ಪುಗಳು ಇದೇ ಕುಟುಂಬಕ್ಕೆ ಸೇರಿದವು. ಹಾಗಾಗಿ ಮೊದಲಿಗೆ ಮನುಷ್ಯ ಇದನ್ನು ಸೊಪ್ಪಿಗಾಗಿಯೇ ಬೆಳೆಸಿದ ಎಂಬುದರಲ್ಲಿ ಆಶ್ಚರ್ಯವಿಲ್ಲ. ಗ್ರೀಕರೂ ರೋಮನರೂ ಹೆಚ್ಚಾಗಿ ಬಳಸುತ್ತಿದ್ದುದು ಇದರ ಎಲೆಯನ್ನು. ದಪ್ಪ ಬೇರಿನ ಗಿಡಗಳನ್ನು ಆರಿಸಿ ಆರಿಸಿ ಬೆಳೆಸುತ್ತ ಬಂದಂತೆ ಗಡ್ಡೆ ಕೈಗೆ ಬಂತು.

ಬೀಟಿನ ರಸ ಸಕ್ಕರೆ ಪಾಕದಂತಿದೆ ಎಂಬುದನ್ನು ಫ್ರಾನ್ಸಿನ ಕೃಷಿ ಲೇಖಕ ಒಲಿವಿಯೇ ದ ಸೆರ್ 1600ರಷ್ಟು ಹಿಂದೆಯೇ ಗುರುತಿಸಿದ್ದ. ಆದರೆ ಅದು ನಿಜವಾಗಿಯೂ ಸಕ್ಕರೆಯೇ ಎಂದು ತೋರಿಸಿಕೊಟ್ಟವನು ಬರ್ಲಿನ್ನಿನ ರಸಾಯನಶಾಸ್ತ್ರಜ್ಞ ಆಂಡ್ರಿಯಾಸ್ ಮಾರ್ಗ್ರಾಫ್. 1747ರಲ್ಲಿ ಆತ ಮದ್ಯಸಾರದ ನೆರವಿನಿಂದ ಬೀಟಿನೊಳಗಿನ ಹರಳುಗಳನ್ನು ಹೊರತೆಗೆದು, ಅವು ಕಬ್ಬಿನ ಸಕ್ಕರೆಯೇ ಎಂದು ಸಿದ್ಧಪಡಿಸಿದ. ಅವನ ಶಿಷ್ಯ ಫ್ರಾಂಜ್ ಆಶಾರ್ಡ್ ಒಂದು ಹೆಜ್ಜೆ ಮುಂದೆ ಹೋದ. ಹಲವು ಬಗೆಯ ಬೀಟ್‌ಗಳನ್ನು ಬೆಳೆದು ನೋಡಿ, ಬಿಳಿ ತೊಗಟೆಯ ಬಿಳಿ ತಿರುಳಿನ ಒಂದು ಬಗೆಯಲ್ಲಿ ಸಕ್ಕರೆ ಹೆಚ್ಚೆಂದು ಕಂಡುಕೊಂಡ. ಪ್ರಷ್ಯದ ದೊರೆಯ ನೆರವು ಪಡೆದು 1801ರಲ್ಲಿ ಸೈಲೀಷಿಯಾ ಪ್ರಾಂತದ ಕೂನರ್ನ್ ಎಂಬಲ್ಲಿ ಕಾರ್ಖಾನೆ ಕಟ್ಟಿಸಿದ. ಜಗತ್ತಿನ ಮೊದಲ ಬೀಟ್ ಸಕ್ಕರೆ ಕಾರ್ಖಾನೆ ಅದು. ಆ ಊರು ಈಗ ಪೋಲೆಂಡಿನಲ್ಲಿದೆ.

ನೆಪೋಲಿಯನ್ನನ ಸಕ್ಕರೆ

ಆಶಾರ್ಡನ ಪ್ರಯೋಗ ಅಲ್ಲಿಗೇ ನಿಂತುಹೋಗಬಹುದಿತ್ತು. ಅದಕ್ಕೆ ಜೀವ ಕೊಟ್ಟಿದ್ದು ಯುದ್ಧ. ಫ್ರಾನ್ಸಿಗೆ ಸಕ್ಕರೆಯ ಕಣಜವಾಗಿದ್ದ ಕೆರಿಬಿಯನ್ ವಸಾಹತು ಸಾಂ ದೊಮಿಂಗ್‌ನಲ್ಲಿ 1791ರಲ್ಲಿ ಗುಲಾಮರು ದಂಗೆಯೆದ್ದರು. 1804ರಲ್ಲಿ ಅದು ಹೈಟಿ ಎಂಬ ಸ್ವತಂತ್ರ ದೇಶವಾಯಿತು. ಉಳಿದ ಸಮುದ್ರ ಮಾರ್ಗಗಳಲ್ಲಿ ಬ್ರಿಟಿಷ್ ನೌಕಾಪಡೆಯ ಕಾವಲು. ಬ್ರಿಟನ್ನಿನ ವ್ಯಾಪಾರವನ್ನು ಹಿಸುಕಲು ನೆಪೋಲಿಯನ್ 1806ರಲ್ಲಿ ಹೇರಿದ ನಿರ್ಬಂಧದಿಂದಾಗಿ ಯೂರೋಪಿನ ಒಳನಾಡಿಗೆ ಕಬ್ಬಿನ ಸಕ್ಕರೆ ಬರುವುದು ಮತ್ತಷ್ಟು ದುರ್ಲಭವಾಯಿತು.

ಆಗ ಅವನ ಕಣ್ಣು ಬೀಟಿನ ಮೇಲೆ ಬಿತ್ತು. 1811ರ ಮಾರ್ಚ್‌ನಲ್ಲಿ 32,000 ಹೆಕ್ಟೇರ್ ಭೂಮಿಯಲ್ಲಿ ಬೀಟ್ ಬೆಳೆಯಬೇಕೆಂದು ಆಜ್ಞೆ ಹೊರಡಿಸಿದ. ಮರುವರ್ಷದ ಜನವರಿಯಲ್ಲಿ ಪ್ಯಾರಿಸ್ಸಿನ ಪಕ್ಕದ ಪಾಸೀಯಲ್ಲಿದ್ದ ಬೆಂಜಮಿನ್ ಡೆಲೆಸೇರನ ಕಾರ್ಖಾನೆಗೆ ಹೋಗಿ, ಅಲ್ಲಿ ತಯಾರಾದ ಬಿಳಿ ಸಕ್ಕರೆ ಕಂಡು ಮೆಚ್ಚಿ, ತನ್ನ ಎದೆಯ ಮೇಲಿದ್ದ ಪದಕವನ್ನೇ ಕಳಚಿ ಅವನಿಗೆ ತೊಡಿಸಿದನೆಂಬ ಪ್ರತೀತಿ ಇದೆ.

ನೆಪೋಲಿಯನ್ ಸೋತ ಮೇಲೆ ಕಬ್ಬಿನ ಸಕ್ಕರೆ ಮತ್ತೆ ಬಂತು. ಬೀಟ್ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಆದರೂ ಬೆಳೆ ಸಾಯಲಿಲ್ಲ. ಫ್ರಾನ್ಸಿನ ಲೂಯಿ ದ ವಿಲ್ಮೊರಿನ್‌ನಂಥವರು 19ನೆಯ ಶತಮಾನದ ನಡುವಿನಲ್ಲಿ ಒಂದೊಂದು ಗಡ್ಡೆಯ ರಸದ ಸಾಂದ್ರತೆಯನ್ನೂ ಅಳೆದು, ಹೆಚ್ಚು ಸಿಹಿಯಾದ ಗಡ್ಡೆಯಿಂದಲೇ ಬೀಜ ಹಿಡಿಯುವ ಕ್ರಮವನ್ನು ರೂಢಿಗೆ ತಂದರು. ಆಶಾರ್ಡನ ಕಾಲದಲ್ಲಿ ನೂರಕ್ಕೆ ಐದಾರರಷ್ಟಿದ್ದ ಸಕ್ಕರೆಯ ಅಂಶ ಇಂದಿನ ತಳಿಗಳಲ್ಲಿ 16ರಿಂದ 18ಕ್ಕೆ ಏರಿದೆ. 19ನೆಯ ಶತಮಾನದ ಕೊನೆಯ ಹೊತ್ತಿಗೆ ಜಗತ್ತಿನ ಸಕ್ಕರೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಬೀಟಿನದೇ ಆಗಿತ್ತು.

ಬಿಳಿ ಗಡ್ಡೆಯ ಬಡತನ

ಈ ಯಶಸ್ಸಿನ ಒಳಗೇ ಒಂದು ದೌರ್ಬಲ್ಯ ಅಡಗಿತ್ತು. ಇಂದಿನ ಸಕ್ಕರೆ ಬೀಟ್ ತಳಿಗಳ ವಂಶವನ್ನು ಹಿಂದಕ್ಕೆ ಹುಡುಕುತ್ತ ಹೋದರೆ ಬಹುಪಾಲು ಆಶಾರ್ಡ್ ಆರಿಸಿದ ಆ ಸೈಲೀಷಿಯಾದ ಬಿಳಿ ಬೀಟಿಗೇ ಬಂದು ನಿಲ್ಲುತ್ತದೆ. ಭತ್ತ, ಗೋಧಿ, ರಾಗಿಗಳಿಗೆ ಸಾವಿರಾರು ವರ್ಷಗಳ ಬೇಸಾಯದ ಚರಿತ್ರೆಯಿದೆ, ಊರಿಗೊಂದರಂತೆ ತಳಿಗಳಿವೆ. ಸಕ್ಕರೆ ಬೀಟಿನದು ಇನ್ನೂರು ಚಿಲ್ಲರೆ ವರ್ಷಗಳ ಬಾಳು. ಒಂದೇ ಮನೆತನದೊಳಗೆ, ಸಿಹಿಯೊಂದನ್ನೇ ಗುರಿಯಾಗಿಟ್ಟುಕೊಂಡು ಆರಿಸುತ್ತ ಬಂದಾಗ ಉಳಿದ ಎಷ್ಟೋ ಗುಣಗಳು ಕೈಬಿಟ್ಟುಹೋದವು.

20ನೆಯ ಶತಮಾನದಲ್ಲಿ ಈ ಇಕ್ಕಟ್ಟು ಇನ್ನೂ ಬಿಗಿಯಾಯಿತು. ಅಮೆರಿಕದ ವಿಜ್ಞಾನಿ ಎಫ್.ವಿ. ಓವೆನ್ 1940ರ ದಶಕದಲ್ಲಿ ಪರಾಗ ಕಟ್ಟದ ಬೀಟ್ ಗಿಡಗಳನ್ನು ಗುರುತಿಸಿದರು. ಸಂಕರ ಬೀಜ ತಯಾರಿಕೆಗೆ ಇಂಥ ಗಿಡ ಬಲು ಅನುಕೂಲ. ಜಗತ್ತಿನ ಹೆಚ್ಚುಕಡಿಮೆ ಎಲ್ಲ ಸಂಕರ ಸಕ್ಕರೆ ಬೀಟ್‌ಗಳಿಗೂ ತಾಯಿಯ ಕಡೆಯಿಂದ ಬಂದಿರುವುದು ಓವೆನ್ ಕಂಡ ಆ ಒಂದೇ ಮೂಲ. ಹೊಲದ ತುಂಬ ಒಂದೇ ಎತ್ತರದ, ಒಂದೇ ತೂಕದ, ಒಂದೇ ದಿನ ಕೀಳಲು ಬರುವ ಗಡ್ಡೆ ಕಾರ್ಖಾನೆಗೆ ಹಿತ. ಹೊಲಕ್ಕೆ ನುಗ್ಗುವ ರೋಗಕ್ಕೂ ಅದು ಅಷ್ಟೇ ಹಿತ. ಒಂದು ಗಿಡವನ್ನು ಗೆದ್ದ ರೋಗಾಣು ಎಲ್ಲ ಗಿಡಗಳನ್ನೂ ಗೆದ್ದ ಹಾಗೆ.

ತೀರಕ್ಕೊಂದು ಗುಣ

ಇದಕ್ಕೆ ತೀರಾ ವಿರುದ್ಧ ಕಡಲ ಬೀಟಿನ ಸ್ಥಿತಿ. ಸಾಮಾನ್ಯವಾಗಿ ಅದು ತನ್ನದೇ ಪರಾಗದಿಂದ ಬೀಜ ಕಟ್ಟುವುದಿಲ್ಲ. ಗಾಳಿ ತಂದ ಬೇರೆ ಗಿಡದ ಪರಾಗವೇ ಬೇಕು. ಹೀಗಾಗಿ ಒಂದೇ ದಂಡೆಯ ಮೇಲೆ ಅಕ್ಕಪಕ್ಕ ನಿಂತ ಎರಡು ಗಿಡಗಳೂ ಪಡಿಯಚ್ಚಲ್ಲ. ಬೆಂಡಿನಂಥ ಹೊದಿಕೆಯೊಳಗಿರುವ ಬೀಜಗೊಂಚಲು ನೀರಿನ ಮೇಲೆ ತೇಲಿ, ಅಲೆ ಒಯ್ದಲ್ಲಿ ದಡ ಸೇರಿ ಮೊಳೆಯುತ್ತದೆ. ಮೊಳೆತ ಜಾಗದ ಬಿಸಿಲು, ಚಳಿ, ಉಪ್ಪು, ರೋಗಗಳಿಗೆ ಹೊಂದಿಕೊಂಡದ್ದು ಬೀಜ ಬಿಡುತ್ತದೆ, ಹೊಂದದ್ದು ಅಳಿಯುತ್ತದೆ. ಇದು ತಲೆತಲಾಂತರ ನಡೆದಾಗ ಒಂದೊಂದು ತೀರದ ಬೀಟಿಗೂ ಒಂದೊಂದು ಗುಣ ಬಂದುಬಿಡುತ್ತದೆ.

ಹೂ ಬಿಡುವ ಕಾಲವನ್ನೇ ನೋಡಬಹುದು. ಮೆಡಿಟರೇನಿಯನ್ ಕರಾವಳಿಯಲ್ಲಿ ಬೇಸಿಗೆ ಉರಿಬಿಸಿಲಿನದು, ಮಳೆ ಇಲ್ಲದ್ದು. ಅಲ್ಲಿನ ಅನೇಕ ಗಿಡಗಳು ಬೇಸಿಗೆ ಕಾಯುವ ಮೊದಲೇ ಅವಸರದಿಂದ ಹೂ ಬಿಟ್ಟು ಬೀಜ ಮಾಡಿಕೊಳ್ಳುತ್ತವೆ. ಅವಕ್ಕೆ ಚಳಿಗಾಲ ಕಳೆಯಬೇಕೆಂಬ ನಿಯಮವಿಲ್ಲ. ಉತ್ತರಕ್ಕೆ, ಅಟ್ಲಾಂಟಿಕ್ ತೀರಕ್ಕೆ ಬಂದರೆ ಬೇಸಿಗೆ ತಂಪು, ನೆಲ ತೇವ. ಇಲ್ಲಿ ಅವಸರ ಬೇಕಿಲ್ಲ. ಇಲ್ಲಿಯ ಬಹಳಷ್ಟು ಗಿಡಗಳು ಮೊದಲ ವರ್ಷ ಬರಿಯ ಎಲೆ ಬಿಟ್ಟುಕೊಂಡು, ಒಂದು ಚಳಿಗಾಲದ ಶೀತ ತಗುಲಿದ ಮೇಲಷ್ಟೇ ಹೂದಂಡು ಎತ್ತುತ್ತವೆ. ಹಲವು ವರ್ಷ ಬಾಳುತ್ತವೆ.

ಬೀಟ್ ರೈತನ ಪಾಲಿಗೆ ಈ ವ್ಯತ್ಯಾಸ ಸಣ್ಣದೇನಲ್ಲ. ಹೂದಂಡು ಎದ್ದರೆ ಗಡ್ಡೆಯಲ್ಲಿ ಕೂಡಿಟ್ಟ ಸಕ್ಕರೆಯೆಲ್ಲ ಅದಕ್ಕೆ ಖರ್ಚಾಗುತ್ತದೆ, ಗಡ್ಡೆ ಕಟ್ಟಿಗೆಯಂತಾಗುತ್ತದೆ. ವಸಂತದಲ್ಲಿ ಬಿತ್ತಿದ ಗಿಡ ಶರತ್ಕಾಲದವರೆಗೆ ಹೂವಿನ ಗೊಡವೆಗೇ ಹೋಗಬಾರದು. ಈ ತಡೆಯ ಹಿಂದಿರುವ ವಂಶವಾಹಿಯನ್ನು ವಿಜ್ಞಾನಿಗಳು 2012ರಲ್ಲಿ ಗುರುತಿಸಿದರು. ಅದರ ಒಂದು ಅಪರೂಪದ ರೂಪ, ಅಂದರೆ ಅರ್ಧ ಕೆಲಸ ಮರೆತಂಥ ರೂಪ, ಹಿಂದಿನ ಬೇಸಾಯಗಾರರ ಆಯ್ಕೆಗೆ ಸಿಕ್ಕಿದ್ದರಿಂದಲೇ ಚಳಿಗಾಲ ಕಾಣದೆ ಹೂ ಬಿಡದ ಬೀಟ್ ಸಾಧ್ಯವಾಯಿತು. ಮನುಷ್ಯ ಆ ಗುಣವನ್ನು ಹುಟ್ಟಿಸಲಿಲ್ಲ. ಇದ್ದುದನ್ನು ಕಂಡು ಕಾಪಾಡಿಕೊಂಡ, ಅಷ್ಟೆ.

ಸಕ್ಕರೆ ಬೀಟಿನಲ್ಲಿ ಕಡಲಿನ ನೆನಪು ಇನ್ನೂ ಒಂದು ಬಗೆಯಲ್ಲಿ ಉಳಿದಿದೆ. ಇತರ ಬೆಳೆಗಳನ್ನು ಸುಡುವ ಉಪ್ಪು ಈ ಬೆಳೆಗೆ ಒಗ್ಗುತ್ತದೆ. ಇಂಗ್ಲೆಂಡಿನಲ್ಲಿ ಬೀಟ್ ಹೊಲಕ್ಕೆ ಉಪ್ಪನ್ನೇ ಗೊಬ್ಬರವಾಗಿ ಹಾಕುವ ಪದ್ಧತಿ ಇದೆ.

ಪೋ ನದಿಯ ಬಾಯಲ್ಲಿ

ಕಾಡು ಗಿಡದ ಈ ಬಗೆಬಗೆಯ ಗುಣಗಳು ಹೊಲಕ್ಕೆ ಉಪಯೋಗವಾಗಬಲ್ಲವು ಎಂದು ಮೊದಲು ತೋರಿಸಿದವರಲ್ಲಿ ಇಟಲಿಯ ಒಟ್ಟಾವಿಯೋ ಮುನೆರಾಟಿ ಮುಖ್ಯರು. ಉತ್ತರ ಇಟಲಿಯ ಪೋ ನದಿ ಬಯಲಿನಲ್ಲಿ ಬೇಸಿಗೆ ಬಿಸಿ, ಗಾಳಿ ತೇವದ್ದು. ಸರ್ಕೋಸ್ಪೋರಾ ಎಂಬ ಶಿಲೀಂಧ್ರದಿಂದ ಬರುವ ಎಲೆಚುಕ್ಕೆ ರೋಗಕ್ಕೆ ಅದು ಹೇಳಿ ಮಾಡಿಸಿದ ಜಾಗ. ರೋಗ ತಗುಲಿದ ಬೀಟಿನ ಎಲೆಗಳು ಒಣಗಿ ಬೀಳುತ್ತವೆ. ಗಿಡ ಹೊಸ ಎಲೆ ಚಿಗುರಿಸಲು ಗಡ್ಡೆಯ ಸಕ್ಕರೆಗೇ ಕೈಹಾಕುತ್ತದೆ.

ರೋವಿಗೋ ಊರಿನಲ್ಲಿ ಕೆಲಸ ಮಾಡುತ್ತಿದ್ದ ಮುನೆರಾಟಿ, 20ನೆಯ ಶತಮಾನದ ಮೊದಲ ದಶಕಗಳಲ್ಲಿ, ಪೋ ನದಿ ಏಡ್ರಿಯಾಟಿಕ್ ಕಡಲು ಸೇರುವಲ್ಲಿನ ಕಾಡು ಬೀಟ್ ಗಿಡಗಳನ್ನು ತಂದು ಸಕ್ಕರೆ ಬೀಟಿನೊಡನೆ ಸಂಕರ ಮಾಡತೊಡಗಿದರು. ಅದೇ ಬಿಸಿಲು, ಅದೇ ತೇವದಲ್ಲಿ ಶಿಲೀಂಧ್ರದ ಜೊತೆಗೇ ಬಾಳಿದ ಗಿಡಗಳಿವು; ರೋಗ ತಾಳುವ ಶಕ್ತಿ ಅವಕ್ಕಿತ್ತು. ಆದರೆ ಸಂಕರದ ಮೊದಲ ಪೀಳಿಗೆಗಳು ನಿರಾಸೆ ಹುಟ್ಟಿಸುವಂಥವು. ಕವಲೊಡೆದ ಬೇರು, ಕಡಿಮೆ ಸಕ್ಕರೆ, ಅಕಾಲದ ಹೂ. ಕಾಡು ಗಿಡದಿಂದ ಬೇಕಾದ ಒಂದು ಗುಣ ತಂದರೆ ಬೇಡದ ಹತ್ತು ಗುಣಗಳೂ ಬೆನ್ನಿಗೆ ಬರುತ್ತವೆ. ಅವನ್ನು ಕಳೆಯಲು ಸಕ್ಕರೆ ಬೀಟಿನೊಂದಿಗೆ ಮತ್ತೆ ಮತ್ತೆ ಸಂಕರ ಮಾಡುತ್ತ ವರ್ಷಗಟ್ಟಲೆ ಕಾಯಬೇಕು. 1930ರ ದಶಕದ ಹೊತ್ತಿಗೆ ಮುನೆರಾಟಿಯವರ ತಳಿಗಳು ಬೇರೆ ದೇಶಗಳ ತಳಿ ವಿಜ್ಞಾನಿಗಳ ಕೈಸೇರಿದ್ದವು. ಎಲೆಚುಕ್ಕೆ ರೋಗ ತಾಳುವ ಇಂದಿನ ಬೀಟ್ ತಳಿಗಳಲ್ಲಿ ಬಹುಪಾಲಿನ ಹಿಂದೆ ಪೋ ನದಿಯ ಬಾಯಲ್ಲಿದ್ದ ಆ ಕಳೆಗಿಡಗಳಿವೆ.

ಬೇರಿನ ಹುಚ್ಚು

ಇದಕ್ಕಿಂತ ದೊಡ್ಡ ಗಂಡಾಂತರ ಬಂದದ್ದು 1950ರ ದಶಕದಲ್ಲಿ, ಅದೂ ಇಟಲಿಯಲ್ಲೇ. ಕಿತ್ತ ಗಡ್ಡೆಗಳು ಸೊರಗಿದ್ದವು. ಅವುಗಳ ಸುತ್ತ ಗಡ್ಡ ಬೆಳೆದಂತೆ ಕೂದಲುಬೇರುಗಳ ಜೊಂಪೆ. ಈ ವಿಕಾರಕ್ಕೆ 'ರೈಜೋಮೇನಿಯಾ' ಎಂಬ ಹೆಸರು ಬಂತು. ಬೇರಿಗೆ ಹಿಡಿದ ಹುಚ್ಚು ಎಂದು ಅದರ ಅರ್ಥ. ಕಾರಣ ಒಂದು ವೈರಸ್ ಎಂದು 1970ರ ದಶಕದಲ್ಲಿ ಜಪಾನಿನ ವಿಜ್ಞಾನಿಗಳು ಖಚಿತಪಡಿಸಿದರು. ಮಣ್ಣಿನಲ್ಲಿರುವ ಶಿಲೀಂಧ್ರದಂಥ ಸೂಕ್ಷ್ಮಜೀವಿಯೊಂದು ಅದನ್ನು ಬೇರಿನೊಳಕ್ಕೆ ಒಯ್ಯುತ್ತದೆ. ಆ ಜೀವಿಯ ಗಟ್ಟಿ ಬೀಜಕಣಗಳೊಳಗೆ ವೈರಸ್ ಹತ್ತಾರು ವರ್ಷ ಮಣ್ಣಿನಲ್ಲೇ ಉಳಿಯಬಲ್ಲದು. ಟ್ರ್ಯಾಕ್ಟರಿನ ಗಾಲಿಗೆ ಮೆತ್ತಿದ ಮಣ್ಣು, ಹರಿಸಿದ ನೀರು ಎಲ್ಲವೂ ಅದಕ್ಕೆ ವಾಹನ. ಸಿಂಪಡಿಸಲು ಔಷಧವಿಲ್ಲ. ಬೆಳೆ ಬದಲಾಯಿಸಿದರೂ ಪ್ರಯೋಜನ ಕಡಿಮೆ. ಕೆಲವೆಡೆ ಇಳುವರಿ ಅರ್ಧಕ್ಕೆ ಇಳಿಯಿತು. ರೋಗ ಯೂರೋಪನ್ನೆಲ್ಲ ಸುತ್ತಿ 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲೂ ಕಾಣಿಸಿಕೊಂಡಿತು.

ರೋಗ ತಡೆಯುವ ಒಂದು ವಂಶವಾಹಿ ಅಮೆರಿಕದ ಹಾಲಿ ಸಕ್ಕರೆ ಕಂಪೆನಿಯ ತಳಿಯಲ್ಲಿ ಸಿಕ್ಕಿತು. ಅದನ್ನು ಹೊಂದಿದ ತಳಿಗಳು ಬಹುಬೇಗ ಎಲ್ಲೆಡೆ ಹರಡಿದವು. ಆದರೆ ಎಲ್ಲರ ಹೊಲಕ್ಕೂ ಒಂದೇ ಬೀಗ ಹಾಕಿದರೆ ಕಳ್ಳನಿಗೆ ಒಂದೇ ಬೀಗದ ಕೈ ಸಾಕು. 2002-03ರ ಸುಮಾರಿಗೆ ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಕಣಿವೆಯಲ್ಲಿ ಈ ತಡೆಯನ್ನು ಮುರಿದ ವೈರಸ್ ಕಂಡುಬಂತು.

ಅದೃಷ್ಟವಶಾತ್ ಎರಡನೆಯ ಬೀಗ ಅಷ್ಟರಲ್ಲಾಗಲೇ ಸಿಕ್ಕಿತ್ತು. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಸಲೀನಾಸ್‌ನಲ್ಲಿ ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು ಸಂಗ್ರಹದಲ್ಲಿದ್ದ ಕಡಲ ಬೀಟ್ ಬೀಜಗಳನ್ನು ಬಿತ್ತಿ ಪರೀಕ್ಷಿಸುತ್ತಿದ್ದರು. ಡೆನ್ಮಾರ್ಕಿನ ಕಲುಂಡ್‌ಬೋರ್ಗ್ ಎಂಬ ಕಡಲ ಕೊಲ್ಲಿಯಿಂದ ಬಂದ ಗಿಡಗಳಲ್ಲಿ ಬೇರೆಯದೇ ಒಂದು ತಡೆ ಇರುವುದು ಗೊತ್ತಾಯಿತು. ಈಗ ಎರಡೂ ವಂಶವಾಹಿಗಳನ್ನು ಜೊತೆಗೂಡಿಸಿದ ತಳಿಗಳು ಬಳಕೆಯಲ್ಲಿವೆ.

ಈ ಕಥೆಗೆ 2017ರಲ್ಲಿ ಇನ್ನೊಂದು ಅಧ್ಯಾಯ ಸೇರಿತು. ಡೆನ್ಮಾರ್ಕಿನ ಗಿಡದ ಆ ವಂಶವಾಹಿ ನಿಖರವಾಗಿ ಯಾವುದು ಎಂದು ಪತ್ತೆಹಚ್ಚಲು ಯೂರೋಪಿನ ಸಂಶೋಧಕರ ತಂಡವೊಂದು ಮತ್ತೆ ಅದೇ ಕೊಲ್ಲಿಗೆ ಹೋಯಿತು. ಅಲ್ಲಿನ ಗಿಡಗಳಲ್ಲಿ ಕೆಲವು ರೋಗ ತಡೆಯುತ್ತವೆ, ಕೆಲವು ತಡೆಯುವುದಿಲ್ಲ. ಉಳಿದಂತೆ ಎಲ್ಲವೂ ಒಂದೇ ಊರಿನ ಬಳಗ. ಈ ಎರಡು ಗುಂಪುಗಳ ಆನುವಂಶಿಕ ಬರಹವನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಎಲ್ಲಿ ವ್ಯತ್ಯಾಸವಿದೆಯೋ ಅಲ್ಲಿ ವಂಶವಾಹಿ ಸಿಕ್ಕಿತು. ವರ್ಷಗಟ್ಟಲೆ ಸಂಕರ ಮಾಡಿ ಹುಡುಕಬೇಕಾದದ್ದನ್ನು ಒಂದು ತೀರದ ಸಹಜ ವೈವಿಧ್ಯವೇ ತೋರಿಸಿಕೊಟ್ಟಿತು.

ಬಂಧುವಿನ ಉಪಟಳ

ಕಾಡು ಬಂಧು ಯಾವಾಗಲೂ ಉಪಕಾರಿಯೇ ಆಗಿರಬೇಕೆಂದಿಲ್ಲ. ಬೀಟ್ ಬೀಜೋತ್ಪಾದನೆ ಹೆಚ್ಚಾಗಿ ನಡೆಯುವುದು ನೈರುತ್ಯ ಫ್ರಾನ್ಸ್ ಮತ್ತು ಇಟಲಿಯಲ್ಲಿ. ಅಲ್ಲಿ ಸುತ್ತಮುತ್ತ ಕಾಡು ಬೀಟ್‌ಗಳಿವೆ. ಅವುಗಳ ಪರಾಗ ಗಾಳಿಯಲ್ಲಿ ತೇಲಿ ಬೀಜದ ಹೊಲಕ್ಕೆ ಬಿದ್ದರೆ, ಆ ಬೀಜ ಬಿತ್ತಿದ ಉತ್ತರದ ಹೊಲಗಳಲ್ಲಿ ಮೊದಲ ವರ್ಷವೇ ಹೂ ಬಿಡುವ ಮಿಶ್ರ ಗಿಡಗಳು ಏಳುತ್ತವೆ. ಅವನ್ನು ಕೀಳದೆ ಬಿಟ್ಟರೆ ಬೀಜ ಉದುರಿ ಮುಂದಿನ ವರ್ಷಗಳಿಗೆ ಕಳೆಯಾಗಿ ನಿಲ್ಲುತ್ತವೆ. ಬೆಳೆಗೂ ಕಳೆಗೂ ಒಂದೇ ಕುಲವಾದ್ದರಿಂದ ಕಳೆನಾಶಕದಿಂದ ಅವುಗಳನ್ನು ಬೇರ್ಪಡಿಸುವುದು ಕಷ್ಟ. ದಕ್ಷಿಣದ ತೀರದಲ್ಲಿ ಗಿಡವನ್ನು ಬದುಕಿಸಿದ ಗುಣವೇ ಉತ್ತರದ ಹೊಲದಲ್ಲಿ ರೈತನಿಗೆ ಕಾಟ.

ಹಾಗೆಂದು ಕಡಲ ಬೀಟನ್ನು ದೂರವಿಡುವ ಸ್ಥಿತಿ ಇಂದಿಲ್ಲ. ಗಿಡಹೇನುಗಳು ಹರಡುವ ಹಳದಿ ವೈರಸ್ ರೋಗವನ್ನು ಯೂರೋಪಿನ ರೈತರು ಬೀಜಕ್ಕೆ ಲೇಪಿಸಿದ ಕೀಟನಾಶಕದಿಂದ ತಡೆಯುತ್ತಿದ್ದರು. ಜೇನುನೊಣಗಳಿಗೆ ಅಪಾಯವೆಂಬ ಕಾರಣಕ್ಕೆ ಯೂರೋಪಿಯನ್ ಒಕ್ಕೂಟ 2018ರಲ್ಲಿ ಅಂಥ ಮೂರು ಕೀಟನಾಶಕಗಳನ್ನು ಬಯಲು ಬೆಳೆಗಳಲ್ಲಿ ನಿಷೇಧಿಸಿತು. 2020ರಲ್ಲಿ ಫ್ರಾನ್ಸಿನ ಬೀಟ್ ಹೊಲಗಳು ಹಳದಿ ರೋಗಕ್ಕೆ ತುತ್ತಾಗಿ ಭಾರಿ ನಷ್ಟವಾಯಿತು. ತಾತ್ಕಾಲಿಕ ವಿನಾಯಿತಿಯ ದಾರಿಯನ್ನೂ ಒಕ್ಕೂಟದ ನ್ಯಾಯಾಲಯ 2023ರ ಜನವರಿಯಲ್ಲಿ ಮುಚ್ಚಿತು. ಜೇನುನೊಣವೂ ಬದುಕಬೇಕು, ಬೆಳೆಯೂ ಉಳಿಯಬೇಕು ಎಂದರೆ ರೋಗ ತಾಳುವ ತಳಿಯೇ ಬೇಕು. ಅದಕ್ಕಾಗಿ ತಳಿ ವಿಜ್ಞಾನಿಗಳು ಮತ್ತೆ ಕಡಲ ಬೀಟಿನ ಬೀಜಗಳನ್ನು ಜಾಲಾಡುತ್ತಿದ್ದಾರೆ.

ಎಲ್ಲಿ ಉಳಿಸುವುದು?

ಈ ಬೀಜಗಳು ಕೈಗೆ ಸಿಗುತ್ತಿರುವುದು ಹಿಂದಿನವರ ದೂರದೃಷ್ಟಿಯಿಂದ. ಅಮೆರಿಕದ ಕೃಷಿ ಇಲಾಖೆಯ ಜಿ.ಎಚ್. ಕೂನ್ಸ್ 1925 ಮತ್ತು 1935ರಲ್ಲಿ ಯೂರೋಪಿಗೆ ಬಂದು ಕಾಡು ಬೀಟ್ ಬೀಜಗಳನ್ನು ಸಂಗ್ರಹಿಸಿದರು. ಆನಂತರವೂ ಇಂಥ ಸಂಗ್ರಹಗಳು ನಡೆದವು. ಜರ್ಮನಿಯ ಗಾಟರ್ಸ್‌ಲೆಬೆನ್, ಅಮೆರಿಕದ ಪುಲ್‌ಮನ್‌ನಂಥ ಕಡೆಗಳ ಬೀಜ ಭಂಡಾರಗಳಲ್ಲಿ ಅವು ಶೀತಲ ಕೋಣೆಗಳಲ್ಲಿ ಭದ್ರವಾಗಿವೆ.

ಆದರೆ ಶೀತಲ ಕೋಣೆಯ ಬೀಜ ಸಂಗ್ರಹಿಸಿದ ದಿನ ಇದ್ದಂತೆಯೇ ಇರುತ್ತದೆ. ಹೊಲದ ವೈರಸ್ ಹಾಗಿರುವುದಿಲ್ಲ. ಹೊಸ ರೋಗ, ಹೊಸ ಬಿಸಿಲಿಗೆ ಎದುರಾಗಿ ಬದಲಾಗುತ್ತ ಹೋಗುವುದು ತೀರದಲ್ಲಿ ಬೇರುಬಿಟ್ಟ ಗಿಡ ಮಾತ್ರ. ಆ ತೀರಗಳ ಮೇಲೆ ಈಗ ಹೋಟೆಲು, ಬಂದರು, ತಡೆಗೋಡೆಗಳ ಒತ್ತಡವಿದೆ. ಏರುತ್ತಿರುವ ಕಡಲು ಒಂದು ಕಡೆಯಿಂದ, ಕಾಂಕ್ರೀಟು ಇನ್ನೊಂದು ಕಡೆಯಿಂದ ಒತ್ತಿದರೆ ನಡುವಿನ ಸಣ್ಣ ಪಟ್ಟಿಯಲ್ಲಿ ಬದುಕುವ ಗಿಡಕ್ಕೆ ಹಿಂದೆ ಸರಿಯಲು ಜಾಗವಿಲ್ಲ. ಕಡಲ ಬೀಟಿನ ಹತ್ತಿರದ ನಂಟ ಬೀಟಾ ಪಟುಲಾ ಇದಕ್ಕೆ ಎಚ್ಚರಿಕೆಯಂತಿದೆ. ಪೋರ್ಚುಗಲ್ಲಿಗೆ ಸೇರಿದ ಮಡೀರಾ ದ್ವೀಪಸಮೂಹದ ಬೆರಳೆಣಿಕೆಯ ಪುಟ್ಟ ನಡುಗಡ್ಡೆಗಳನ್ನು ಬಿಟ್ಟರೆ ಅದು ಭೂಮಿಯ ಮೇಲೆ ಇನ್ನೆಲ್ಲೂ ಇಲ್ಲ. ಅಳಿವಿನ ತೀವ್ರ ಭೀತಿಯಲ್ಲಿರುವ ಸಸ್ಯಗಳ ಪಟ್ಟಿಯಲ್ಲಿ ಅದರ ಹೆಸರಿದೆ.

ನಮ್ಮ ಕರಾವಳಿಯೂ ಈ ಪ್ರಶ್ನೆಯಿಂದ ಹೊರತಲ್ಲ. ಉತ್ತರ ಕನ್ನಡದ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುತ್ತದೆ. ಅದು ಕಾಡು ಗಿಡವಲ್ಲ, ರೈತರೇ ಕಾಪಾಡಿಕೊಂಡು ಬಂದ ತಳಿ. ಆದರೂ ಕಡಲ ಬೀಟಿನ ಗುಣದಂತೆ ಅದರ ಗುಣವೂ ಸ್ಥಳದ ಉಪ್ಪು ಮತ್ತು ಉಬ್ಬರವಿಳಿತಗಳು ರೂಪಿಸಿದ್ದು. ಗಜನಿಗಳು ಸಿಗಡಿ ಕೆರೆಗಳಾಗಿಯೋ ಪಾಳು ಬಿದ್ದೋ ಹೋದಲ್ಲಿ ಕಗ್ಗವೂ ಹಿಂದೆ ಸರಿದಿದೆ.

ಇಂಥ ಸಸ್ಯಗಳ ಬೆಲೆ ಮೊದಲೇ ಗೊತ್ತಾಗುವಂಥದ್ದಲ್ಲ. ಮುನೆರಾಟಿ ಪೋ ನದಿಯ ದಂಡೆಯಲ್ಲಿ ಕಾಡು ಬೀಟ್ ಗಿಡಗಳನ್ನು ಕಿತ್ತು ತಂದಾಗ ರೈಜೋಮೇನಿಯಾ ಎಂಬ ಹೆಸರೇ ಇರಲಿಲ್ಲ. ಡೆನ್ಮಾರ್ಕಿನ ಕೊಲ್ಲಿಯಲ್ಲಿ ಅದರ ಮದ್ದು ಆಗಲೂ ಬೆಳೆಯುತ್ತಿತ್ತು. ಮುಂದಿನ ರೋಗದ ಹೆಸರು ಇಂದು ಯಾರಿಗೂ ತಿಳಿಯದು. ಅದರ ಮದ್ದು ಯಾವ ತೀರದಲ್ಲಿದೆ ಎಂಬುದೂ ತಿಳಿಯದು. ಯಾವ ತೀರವನ್ನೂ ಬರಿದು ಮಾಡಿಕೊಳ್ಳಬಾರದು ಎನ್ನಲು ಅಷ್ಟು ಕಾರಣ ಸಾಕು.